250 ವ್ಯಾಟಿನ ಅಳಿಯ

ನಲವತ್ತೈದು ದಾಟಿದ ಗಂಡಸಿಗೆ ಎರಡರಲ್ಲಿ ಒಂದು ಅಂಟಿಕೊಳ್ಳುತ್ತದೆ: ಸಕ್ಕರೆ ಕಾಯಿಲೆ ಅಥವಾ ಸೈಕಲ್ಲು. ಮೊದಲನೆಯದಕ್ಕೆ ಹೆದರಿ ನಾನು ಎರಡನೆಯದನ್ನು ಹಿಡಿದೆ. ದಾಸರಹಳ್ಳಿಯಿಂದ ಪೀಣ್ಯದ ಫ್ಯಾಕ್ಟರಿಗೆ ತುಳಿದುಕೊಂಡು ಹೋಗಿಬಂದಿದ್ದರೆ ಸಾಕಿತ್ತು. ಆದರೆ ಅತ್ತೆಯವರ ಎದುರು, "ನಂದಿಬೆಟ್ಟ ಯಾವ ಲೆಕ್ಕ?" ಅಂದುಬಿಟ್ಟೆ. 1,478 ಮೀಟರ್ ಎತ್ತರದ ಲೆಕ್ಕ.

ಕಾಲಿನ ಕೈಲಿ ಆಗದ್ದನ್ನು ಕರೆಂಟಿಗೆ ವಹಿಸೋಣವೆಂದು ಕಿಟ್ ತರಿಸಿದೆ. ಹಿಂಚಕ್ರಕ್ಕೆ 250 ವ್ಯಾಟಿನ ಹಬ್ ಮೋಟರು, 36 ವೋಲ್ಟಿನ ಬ್ಯಾಟರಿ, ಕಂಟ್ರೋಲರು, ಥ್ರಾಟಲ್ಲು.

"ಈ ಪವರ್ ಒಳಗಿದ್ದು, ಗಂಟೆಗೆ 25 ಕಿಲೋಮೀಟರ್ ಒಳಗೆ ಹೋದರೆ ಕಾನೂನಿನ ಪ್ರಕಾರ ಇದು ಮೋಟಾರು ವಾಹನವೇ ಅಲ್ಲ. ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ" ಎಂದು ಹೆಂಡತಿಗೆ ತಿಳಿಸಿದೆ.

"ಅಂದ್ರೆ ಸರ್ಕಾರಾನೂ ಇದನ್ನ ಗಾಡಿ ಅಂತ ಒಪ್ಪಿಲ್ಲ ಅನ್ನಿ" ಅಂದಳು.

ನಾನು ಕ್ವಾಲಿಟಿ ಡಿಪಾರ್ಟ್‌ಮೆಂಟಿನವನು. ಊರವರ ಬೋಲ್ಟೆಲ್ಲ ಅಳೆಯುವವನಿಗೆ ಕಿಟ್ಟಿನ ಸೂಚನೆ ಓದುವ ದರ್ದೇನು? ಮಗ, "ಅಪ್ಪಾ, ಟಾರ್ಕ್ ಆರ್ಮ್ ಹಾಕಿಲ್ಲ" ಅಂದ. ಗದರಿಸಿ ಥ್ರಾಟಲ್ ತಿರುವಿದೆ. ಚಕ್ರ ನಿಂತಲ್ಲೇ ನಿಂತು ಆಕ್ಸಲ್ ಗಿರ್ರನೆ ತಿರುಗಿ, ವೈರುಗಳನ್ನೆಲ್ಲ ಚಕ್ಕುಲಿಯ ಹಾಗೆ ಸುತ್ತಿಕೊಂಡಿತು. ಲೇತ್ ಅಂಗಡಿಯ ಹುಡುಗ ಕಬ್ಬಿಣದ ಪಟ್ಟಿಯೊಂದನ್ನು ಕತ್ತರಿಸಿ ಆಕ್ಸಲನ್ನು ಫ್ರೇಮಿಗೆ ಬಿಗಿದುಕೊಟ್ಟು, "ಸಾರ್, ನೀವೂ ಪೀಣ್ಯದಲ್ಲೇ ಕೆಲ್ಸನಾ?" ಅಂತ ಕೇಳಿದ. ಸಾಫ್ಟ್‌ವೇರು ಅಂದೆ.

ಲೆಕ್ಕವೇನೋ ಪಕ್ಕಾ ಇತ್ತು. ಬ್ಯಾಟರಿಯಲ್ಲಿ 360 ವ್ಯಾಟ್-ಅವರ್. ಸೈಕಲ್ ಸಮೇತ ನೂರು ಕಿಲೋ ತೂಗುವ ನನ್ನನ್ನು ಬೆಟ್ಟದ ಬುಡದಿಂದ ಸುಮಾರು 500 ಮೀಟರ್ ಮೇಲೆತ್ತಲು ಕಾಗದದ ಮೇಲೆ 140 ಕೂಡ ಬೇಡ. "ನಿಮ್ಮ ಬಸ್ಸಿಗಿಂತ ಮುಂಚೆ ಮೇಲಿರ್ತೀನಿ" ಎಂದು, ಮನೆಯವರೊಡನೆ ಬಸ್ಸಿನಲ್ಲಿ ಬರಲಿದ್ದ ಅತ್ತೆಗೆ ಮಾತು ಕೊಟ್ಟು, ಭಾನುವಾರ ಕತ್ತಲಲ್ಲೇ ಹೊರಟೆ.

ಹೆಸರಘಟ್ಟ, ರಾಜಾನುಕುಂಟೆ, ದೊಡ್ಡಬಳ್ಳಾಪುರ. ಈ ಸಪಾಟು ದಾರಿ ನನ್ನ ಲೆಕ್ಕದಲ್ಲೇ ಇರಲಿಲ್ಲ. ಇಲ್ಲಿ ತುಳಿದು ಬ್ಯಾಟರಿ ಉಳಿಸಬೇಕಿತ್ತು, ನಿಜ. ಆದರೆ ಬಿಗಿ ಚಡ್ಡಿಯ ಐಟಿ ಹುಡುಗರನ್ನು ಕಾಲಾಡಿಸದೆ ಹಿಂದೆ ಹಾಕುವ ಸುಖ ನಿಮಗೆ ಗೊತ್ತಿದ್ದರೆ ನನ್ನನ್ನು ಬೈಯಲಾರಿರಿ. ಒಬ್ಬನಿಗಂತೂ ಕೈ ಬೀಸಿ ಟಾಟಾ ಮಾಡಿದೆ.

ಏರು ಶುರುವಾದ ಮೂರನೇ ತಿರುವಿನಲ್ಲಿ ಮೋಟರು ಬಿಸಿಯಾಗಿ ನರಳಿತು. ಮುಂದಿನ ತಿರುವಿಗೆ ಬ್ಯಾಟರಿಯ ಕೆಂಪು ದೀಪವೂ ಆರಿತು. ಟಾಟಾ ಪಡೆದ ಹುಡುಗ ನಿಂತು ವಿನಯವಾಗಿ ಪಾಠ ಹೇಳಿದ: "ಅಂಕಲ್, ಏರಿನಲ್ಲಿ ನಿಧಾನಕ್ಕೆ ತಿರುಗಿದ್ರೆ ಹಬ್ ಮೋಟರ್ ಕಾಯುತ್ತೆ. ಬೆಟ್ಟಕ್ಕೆ ಮಿಡ್-ಡ್ರೈವ್ ಹಾಕಿಸ್ಬೇಕು. ಅದು ಚೈನ್ ಎಳೆಯೋದ್ರಿಂದ ಗೇರ್ ಬಳಸ್ಕೊಳ್ಳುತ್ತೆ." ತಲೆಯಾಡಿಸಿದೆ. ಮಾತಾಡಲು ಉಸಿರಿರಲಿಲ್ಲ.

ಮೋಟರು, ಬ್ಯಾಟರಿಯ ಭಾರವನ್ನೂ ಸೇರಿಸಿ ಸೈಕಲ್ ತಳ್ಳುತ್ತಿದ್ದಾಗ ಬಸ್ಸು ಬಂತು. ಕಿಟಕಿಯಿಂದ ಅತ್ತೆ ಇಡೀ ಬಸ್ಸಿಗೆ ಕೇಳುವಂತೆ, "ನೋಡೇ, ಅಳಿಯಂದ್ರು! ಪಾಪ, ಯಾರದೋ ಸೈಕಲ್ ತಳ್ಕೊಡ್ತಿದಾರೆ" ಅಂದರು.

ಮೇಲೆ ತಲುಪಿದಾಗ ಅವರ ಊಟವಾಗಿ, ಡಬ್ಬಿ ತೊಳೆದಾಗಿತ್ತು. "ಇಳಿಯುವಾಗ ಬ್ಯಾಟರಿ ತಾನೇ ಚಾರ್ಜ್ ಆಗುತ್ತೆ" ಎಂದು ಧೈರ್ಯ ಹೇಳಿದೆ. ಮಗ ತಲೆಯೆತ್ತದೆ, "ಇದು ಗೇರ್ಡ್ ಹಬ್ ಅಪ್ಪ. ಇಳಿಜಾರಲ್ಲಿ ಒಳಗಿನ ಮೋಟರ್ ತಿರುಗೋದೇ ಇಲ್ಲ, ಚಾರ್ಜ್ ಎಲ್ಲಿಂದ ಆಗುತ್ತೆ?" ಅಂದ.

ಬೆಟ್ಟದ ಬುಡದಲ್ಲಿ ದ್ರಾಕ್ಷಿ ಟೆಂಪೋ ಒಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿದೆ. ಡ್ರೈವರ್ ಸೈಕಲ್ಲನ್ನು ಕ್ರೇಟುಗಳ ಮೇಲೆ ಮಲಗಿಸಿ, ಮೋಟರು ಮುಟ್ಟಿ ನೋಡಿ, "ಕರೆಂಟ್ ಸೈಕಲ್ಲಾ ಸಾರ್? ಬೆಟ್ಟ ಹತ್ತುತ್ತಾ?" ಅಂದ.

"ಆರಾಮಾಗಿ" ಅಂದೆ.