ಒಂದು ವಾರದ ಧನ್ವಂತರಿಗಳು

ಅಮೆರಿಕದ ಚರ್ಚುಗಳಿಂದ ಗ್ವಾಟೆಮಾಲಾಕ್ಕೆ ಹೊರಟ ವೈದ್ಯಕೀಯ ಸೇವಾ ತಂಡವನ್ನು ವಿಮಾನ ನಿಲ್ದಾಣದಲ್ಲಿ ಗುರುತಿಸುವುದು ಸುಲಭ: ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಮದುವೆ ದಿಬ್ಬಣಕ್ಕಾಗುವಷ್ಟು ಸೂಟ್‌ಕೇಸು. ಒಳಗೆ ವಿಟಮಿನ್, ನೋವಿನ ಮಾತ್ರೆ, ಜಂತುಹುಳಕ್ಕೆ ಆಲ್ಬೆಂಡಜೋಲ್, ಓದುವ ಕನ್ನಡಕ. ಟಿಕೆಟ್ಟಿಗೆ ಸ್ವಂತ ದುಡ್ಡು ಹಾಕಿ, ರಜೆ ಕಳೆದುಕೊಂಡು ಬೆವರುವ ಜನ. ನಗುವ ಮೊದಲು ಅವರಿಗೊಂದು ನಮಸ್ಕಾರ.

ಇನ್ನು ನಗೋಣ. ಬೆಟ್ಟದ ಹಳ್ಳಿಯ ಶಾಲೆಯೇ ಆಸ್ಪತ್ರೆ. ಡಾಕ್ಟರರ ಇಂಗ್ಲಿಷು ಒಬ್ಬರ ಬಾಯಲ್ಲಿ ಸ್ಪ್ಯಾನಿಷ್ ಆಗಿ, ಇನ್ನೊಬ್ಬರ ಬಾಯಲ್ಲಿ ಮಾಯಾ ಜನರ ಕಿಚೆ ಆಗಿ ಅಜ್ಜಿಯ ಕಿವಿ ಸೇರುತ್ತದೆ. ಅಜ್ಜಿ ಸೊಸೆಯ ಮೇಲಿನ ದೂರೂ ಸೇರಿಸಿ ಉದ್ದಕ್ಕೆ ಹೇಳಿದ್ದು ವಾಪಸು ಬರುವಾಗ 'ಮಂಡಿ ನೋವಂತೆ' ಎಂದಾಗಿರುತ್ತದೆ. ಕಟ್ಟಿಗೆ ಹೊತ್ತು ಬೆಟ್ಟ ಹತ್ತುವ ಮಂಡಿಗೆ ಒಂದು ವಾರದ ಮಾತ್ರೆ! ಎಂಟನೇ ದಿನದ ಬಿಪಿ ನೋಡಬೇಕಾದವಳು ಊರಿನ ನರ್ಸಮ್ಮನೇ. 'ನೀರು ಕುದಿಸಿ ಕುಡಿಯಿರಿ' ಎಂದು ಉಪದೇಶಿಸಿದವರಲ್ಲೇ ಯಾರೋ ಸಂಜೆಗೆ ಓಆರ್‌ಎಸ್ ಕಲಸಿಕೊಳ್ಳುತ್ತಿರುತ್ತಾರೆ.

ದಾನದ ಔಷಧಿಗೆ ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯಿದೆ: ಆ ದೇಶ ತಲುಪಿದ ಮೇಲೂ ಕನಿಷ್ಠ 1 ವರ್ಷದ ಆಯಸ್ಸು ಉಳಿದಿರಬೇಕು. ಆದ್ದರಿಂದ ಮಹನೀಯರೇ, ಸ್ಟ್ರಿಪ್ಪಿನ ಹಿಂದಿನ ತಾರೀಕು ಓದಿಯೇ ತುಂಬಿ.