ಪಾನುಂಗಲ್ಲಿನ ಗಾಜುಶಾಸನಗಳು: ಮೊಬೈಲು ಮೈಲಿಗೆಯ ಒಂದು ಶಾಸ್ತ್ರೀಯ ವಿಚಾರಣೆ

ಪೀಠಿಕೆ

ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್ ಎನ್ನಿಸಿಕೊಂಡ ಊರು. ಪಾನುಂಗಲ್ ಐನೂರು ಎಂಬ ನಾಡಿಗೆ ರಾಜಧಾನಿಯಾಗಿದ್ದು, ಕದಂಬರ ಒಂದು ಶಾಖೆಯನ್ನು ಸಾಕಿ ಸಲಹಿದ ಕೀರ್ತಿ ಇದರದು. ಇಲ್ಲಿನ ವೀರಗಲ್ಲು, ದಾನಶಾಸನ, ತಾರಕೇಶ್ವರ ಗುಡಿಯ ಕಂಬಗಳ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದರೆ ಕಲ್ಲಿನ ಮೇಲೆ ಬರೆದದ್ದನ್ನೇ ಓದುವ ಹಟಕ್ಕೆ ಬಿದ್ದ ಈ ಮಹನೀಯರು ಗಾಜಿನ ಮೇಲೆ ಬರೆದದ್ದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಯಾವ ತಾಲ್ಲೂಕಿಗೆ ಹೋದರೂ ಇವತ್ತು ಅಂಗಿಯ ಕಿಸೆಯಲ್ಲೊಂದು ಗಾಜಿನ ಫಲಕ ಇದ್ದೇ ಇದೆ. ಅದರ ಮೇಲೆ ಎಣ್ಣೆ, ಬೆವರು, ಸುಣ್ಣಗಳಿಂದ ದಿನಂಪ್ರತಿ ಹೊಸ ಲಿಪಿ ಬೀಳುತ್ತಲೇ ಇದೆ. ಕಲ್ಲಿನ ಶಾಸನವನ್ನು ಕಾಯಲು ಪುರಾತತ್ವ ಇಲಾಖೆ ಇದೆ. ಈ ಗಾಜುಶಾಸನ ಯಾರೂ ಕಾಯದೆಯೇ ಉಳಿದುಕೊಂಡು ಬಂದಿದೆ, ಏಕೆಂದರೆ ಯಾರೂ ಅದನ್ನು ಒರೆಸಿಲ್ಲ.

ಓದುವ ಕ್ರಮ

ಸವೆದ ಶಾಸನ ಓದುವವರು ನಡುಮಧ್ಯಾಹ್ನ ಹೋಗುವುದಿಲ್ಲ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾಯುತ್ತಾರೆ. ಆಗ ಅಕ್ಷರದ ಅಂಚಿಗೆ ನೆರಳು ಸಿಕ್ಕಿ ಎದ್ದು ಕಾಣುತ್ತದೆ. ಗಾಜುಶಾಸನಕ್ಕೂ ಇದೇ ಕ್ರಮ. ಪರದೆ ಆರಿಸಿ, ಕಿಟಕಿಯ ಕಡೆ ಫೋನನ್ನು ಓರೆ ಹಿಡಿಯಬೇಕು. ಮೇಲ್ತುದಿಯಲ್ಲಿ ಅಂಗೈ ಅಗಲದ ಮಬ್ಬು ಇದ್ದರೆ ಅದು ಕೆನ್ನೆ. ಕೆಳಗಿನಿಂದ ಮೇಲಕ್ಕೆ ಹೋದ ದಪ್ಪ ಪಟ್ಟೆ ರೀಲ್ಸ್ ತಳ್ಳಿದ ಹೆಬ್ಬೆರಳಿನದು. ನಡುವೆ ಮುರಿದು ಮುರಿದು ತಿರುಗಿದ ಗೆರೆ ಬೀಗದ ಪ್ಯಾಟರ್ನ್. 2010ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬೆಳಕು ಮತ್ತು ಕ್ಯಾಮೆರಾದ ಕೋನ ಬದಲಿಸಿ, ಬರೀ ಜಿಡ್ಡಿನ ಗೆರೆ ನೋಡಿ ಪ್ಯಾಟರ್ನ್ ಪತ್ತೆ ಮಾಡಬಹುದೆಂದು ಸಾಧಿಸಿ ತೋರಿಸಿದರು. ಅಪ್ಪ ಮಲಗಿದಾಗ ಫೋನ್ ತೆಗೆಯುವ ನಮ್ಮ ಹುಡುಗರಿಗೆ ಈ ವಿದ್ಯೆಗೆ ವಿಶ್ವವಿದ್ಯಾಲಯ ಬೇಕಾಗಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಸ್ತರವಿನ್ಯಾಸ

ಎಲ್ಲಕ್ಕಿಂತ ಕೆಳಗಿನ ಸ್ತರ ಎಲ್ಲ ದೇಶದವರಿಗೂ ಸಮಾನವಾದದ್ದು: ಚರ್ಮದ ಜಿಡ್ಡು, ಬೆವರಿನ ಉಪ್ಪು, ಉದುರಿದ ಚರ್ಮದ ಹುಡಿ, ಅದರ ಮೇಲೆ ಮನುಷ್ಯನ ಮೈಮೇಲೆ ಸಹಜವಾಗಿ ಇರುವ ಸ್ಟೆಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು. ಪ್ರಾದೇಶಿಕ ವೈಶಿಷ್ಟ್ಯ ಶುರುವಾಗುವುದು ಅದರ ಮೇಲಿನಿಂದ.

ಮೊದಲನೆಯದು ಮಿರ್ಚಿಯ ಸ್ತರ. ಸಂಜೆ ಐದರ ಮೇಲೆ ಹೆದ್ದಾರಿಯ ಬದಿಗೋ ಬಸ್ ಸ್ಟ್ಯಾಂಡಿನ ಮುಂದೆಯೋ ನಿಂತು ನೋಡಬೇಕು. ಎಡಗೈಯಲ್ಲಿ ಗಿರ್ಮಿಟ್ಟಿನ ಕಾಗದ, ಬಲಗೈಯಲ್ಲಿ ಮಿರ್ಚಿ. ಆಗಲೇ ಫೋನ್ ಬರುತ್ತದೆ. ಮಿರ್ಚಿ ಗಿರ್ಮಿಟ್ಟಿನ ಮೇಲೆ ಇಳಿಯುತ್ತದೆ, ಕಿರುಬೆರಳೊಂದೇ ಎಣ್ಣೆಯಿಲ್ಲದ್ದೆಂಬ ನಂಬಿಕೆಯಿಂದ ಅದರಲ್ಲೇ ಹಸಿರು ಗುಂಡಿ ಎಳೆಯುವ ಯತ್ನ ನಡೆಯುತ್ತದೆ, ಗುಂಡಿ ಜಾರುತ್ತದೆ, ಕಡೆಗೆ ಹೆಬ್ಬೆರಳೇ ಬರಬೇಕಾಗುತ್ತದೆ. "ಹಾಂ, ಹೇಳೋ, ಮಿರ್ಚಿ ತಿನ್ನಾಕತ್ತೇನಿ." ಈ ಒಂದು ವಾಕ್ಯದಷ್ಟು ಹೊತ್ತಿನಲ್ಲಿ ಕಡಲೆಹಿಟ್ಟಿನ ಕಣ, ಎಣ್ಣೆ, ಕೆನ್ನೆಯ ಬೆವರು ಮೂರೂ ಸೇರಿ ಅಳಿಯಲಾರದ ಲೇಪವಾಗುತ್ತದೆ. ಸವಣೂರಿನ ಕಡೆ ಈ ಸ್ತರದಲ್ಲಿ ಖಾರದ ಹುಡಿಯೂ ಕಾಣುತ್ತದೆ. ಸವಣೂರು ಖಾರವೆಂಬ ತಿನಿಸಿನ ಹೆಸರು ಕೇಳಿದವರಿಗೆ ಕಾರಣ ವಿವರಿಸಬೇಕಿಲ್ಲ.

ಎರಡನೆಯದು ಋತುಮಾನದ ಸ್ತರ. ಹಾನಗಲ್ ಸುತ್ತಿನ ತೋಟಗಳಲ್ಲಿ ಮಾವು ಇಳಿಸುವ ಕಾಲಕ್ಕೆ ಆಪೂಸಿನ ಸೊನೆ ಫೋನಿಗೆ ಹತ್ತಿ, ಒಣಗಿ, ಕಂದು ಕಲೆಯಾಗುತ್ತದೆ. ಹಿರೇಕೆರೂರಿನ ಕಡೆ ಗೋವಿನಜೋಳದ ರಾಶಿ ನಡೆದಾಗ ಸ್ಪೀಕರಿನ ತೂತುಗಳೆಲ್ಲ ತೌಡಿನಿಂದ ಮುಚ್ಚಿ, ಆಚೆ ಕಡೆಯವರು ಪಾತಾಳದಿಂದ ಮಾತಾಡತೊಡಗುತ್ತಾರೆ. ದೇವರಗುಡ್ಡಕ್ಕೆ ಹೋಗಿ ಬಂದವರ ಫೋನಿನ ಚಾರ್ಜಿಂಗ್ ಬಾಯಲ್ಲಿ ಮಾಲತೇಶ ದೇವರ ಭಂಡಾರ, ಅಂದರೆ ಅರಿಷಿಣದ ಪುಡಿ, ಸಿಗುತ್ತದೆ. "ಚಾರ್ಜ್ ಹಿಡೀವಲ್ದರಿ" ಎಂದು ತಂದವರಿಗೆ ರಿಪೇರಿ ಅಂಗಡಿಯ ಹುಡುಗ ಒಳಗಿನಿಂದ ಅರಿಷಿಣ ಬಣ್ಣದ ಅರಳೆಯುಂಡೆ ಎಳೆದು ತೋರಿಸುತ್ತಾನೆ. ಭಕ್ತರು ಅದನ್ನು ಕಣ್ಣಿಗೊತ್ತಿಕೊಂಡು ಹಣೆಗೆ ಹಚ್ಚಿಕೊಂಡರೂ ಈ ಪ್ರಬಂಧದ ಆಕ್ಷೇಪಣೆ ಇಲ್ಲ. ಮನೆಯಲ್ಲೇ ಕೆದಕುವವರು ಮಾತ್ರ ಫೋನ್ ಬಂದ್ ಮಾಡಿ, ಪಿನ್ನು ಬಿಟ್ಟು ಕಟ್ಟಿಗೆಯ ಹಲ್ಲುಕಡ್ಡಿ ಬಳಸುವುದು ಲೇಸು.

ಕವರಿನ ಹಿಂದಿನದು ಪ್ರತ್ಯೇಕ ನಿಕ್ಷೇಪ. ಮಡಚಿದ ಹತ್ತರ ನೋಟು, ಆಧಾರ್ ಝೆರಾಕ್ಸ್, ಬಸ್ಸಿನ ಟಿಕೀಟು, ಯಾರದೋ ಮದುವೆಯ ಅಕ್ಷತೆಯ ಕಾಳು ಒಂದು. ಹಳದಿಗಟ್ಟಿದ ಪಾರದರ್ಶಕ ಕವರನ್ನು ಉಪ್ಪು, ಲಿಂಬೆ, ಪೇಸ್ಟುಗಳಿಂದ ಉಜ್ಜಿ ಸುಸ್ತಾದ ಗೃಹಸ್ಥರಿಗೆ ಒಂದು ಸಾಂತ್ವನ: ಆ ಹಳದಿ ಬಹುಮಟ್ಟಿಗೆ ಕೊಳೆಯಲ್ಲ, ಬೆಳಕು ಗಾಳಿಗೆ ಆ ಪ್ಲಾಸ್ಟಿಕ್ಕೇ ಮಾಗಿದ್ದು. ಸಾಬೂನು ನೀರಲ್ಲಿ ತೊಳೆದರೆ ಮೈಲಿಗೆ ಹೋಗುತ್ತದೆ, ಬಣ್ಣ ಹೋಗುವುದಿಲ್ಲ.

ಪೂರ್ವಸೂರಿಗಳು

ಹಾಲೆಂಡಿನ ಲೇವೆನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಕಿಟ್ಟವನ್ನೇ ಮಸೂರದಡಿ ಇಟ್ಟು, ಅಲ್ಲಿ ಓಡಾಡುವ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅವನ ಕಿಸೆಯಲ್ಲಿ ಫೋನ್ ಇರಲಿಲ್ಲ, ಇದ್ದಿದ್ದರೆ ಹಲ್ಲಿನ ತಂಟೆಗೆ ಹೋಗುತ್ತಿರಲಿಲ್ಲ.

ಫೋನಿನ ಮೇಲೆ ಕಕ್ಕಸಿನ ಸೀಟಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇರುತ್ತವೆ ಎಂಬುದು ಅರಿಝೋನಾ ವಿಶ್ವವಿದ್ಯಾಲಯದ ಚಾರ್ಲ್ಸ್ ಗೆರ್ಬಾ ಅವರ ಜಗತ್ಪ್ರಸಿದ್ಧ ಮಾತು. ಇದರಲ್ಲಿ ಹಾನಗಲ್ಲಿಗೆ ಸಂಬಂಧಿಸಿ ಒಂದು ತೊಡಕಿದೆ. ತಂಬಿಗೆ ಹಿಡಿದು ಬಯಲಕಡೆ ಹೋದ ತಲೆಮಾರಿಗೆ, ಕೂಡ್ರುವ ಸೀಟೇ ಇಲ್ಲದ ಕಕ್ಕಸು ಕಟ್ಟಿಸಿಕೊಂಡವರಿಗೆ ಈ ಅಳತೆಗೋಲು ಹಿಡಿಯುವುದು ಹೇಗೆ? ಗೆರ್ಬಾ ಕೊಡುವ ಕಾರಣ ಮಾತ್ರ ಎಲ್ಲ ಊರಿಗೂ ಸಲ್ಲುತ್ತದೆ: ಕಕ್ಕಸನ್ನು ಆಗಾಗ ತೊಳೆಯುತ್ತಾರೆ, ಫೋನನ್ನು ಯಾರೂ ತೊಳೆಯುವುದಿಲ್ಲ. ಹಾಗೆಂದು ಹೆದರಬೇಕಿಲ್ಲ. ಲೆಕ್ಕಕ್ಕೆ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಮ್ಮದೇ ಚರ್ಮದ ನಿರುಪದ್ರವಿ ಬಾಡಿಗೆದಾರರು.

2011ರಲ್ಲಿ ಬ್ರಿಟನ್ನಿನಲ್ಲಿ ನಡೆದ ಸಮೀಕ್ಷೆ ಇನ್ನೂ ಹತ್ತಿರಕ್ಕೆ ಬರುತ್ತದೆ. ಲಂಡನ್ನಿನ ಎರಡು ಸಂಸ್ಥೆಗಳವರು ಊರೂರು ತಿರುಗಿ ಫೋನನ್ನೂ ಕೈಯನ್ನೂ ಒರೆಸಿ ನೋಡಿದರು. ಆರರಲ್ಲಿ ಒಂದು ಫೋನಿನ ಮೇಲೆ ಮಲದಿಂದಲೇ ಬರುವ ಇ. ಕೋಲಿ ಸಿಕ್ಕಿತು. ಇದೇ ಜನರಲ್ಲಿ ನೂರಕ್ಕೆ 95 ಮಂದಿ ತಾವು ಸಾಬೂನು ಹಚ್ಚಿ ಕೈ ತೊಳೆಯುವವರೆಂದು ಹೇಳಿಕೊಂಡಿದ್ದರು. ಈ ಅಂಶವನ್ನು ಓದುಗರು ಕಿಸೆಯಲ್ಲಿಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ಪಂಥಭೇದ

ಶುದ್ಧೀಕರಣದ ವಿಷಯದಲ್ಲಿ ನಮ್ಮ ಸೀಮೆಯಲ್ಲಿ ಹಲವು ಪಂಥಗಳಿವೆ. ಸಂಖ್ಯಾಬಲದಲ್ಲಿ ದೊಡ್ಡದು ಧೋತರ ಪಂಥ. ಫೋನು ಮಸುಕಾಯಿತೋ, ಧೋತರದ ಚುಂಗು ಇಲ್ಲವೇ ಟಾವೆಲ್ಲಿನ ತುದಿ ತೆಗೆದು ತಿಕ್ಕುವುದು. ಇದರಲ್ಲಿ ಅಪಾಯ ಧೋತರದಿಂದಲ್ಲ, ಹೊಲದ ಧೂಳಿನಿಂದ. ಆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಗಡಸುತನದ ಮೋಸ್ ಮಾಪನದಲ್ಲಿ ಮರಳಿನ ಸ್ಫಟಿಕಕ್ಕೆ 7 ಅಂಕ, ಫೋನಿನ ಗಾಜು ಅದಕ್ಕಿಂತ ಮೆತ್ತಗೆ. ಹೀಗಾಗಿ ತಿಕ್ಕಿದಷ್ಟೂ ಶಾಸನ ಅಳಿಸುವ ಬದಲು ಶಾಶ್ವತವಾಗಿ ಕೆತ್ತಲ್ಪಡುತ್ತದೆ. ಮೊದಲು ಧೂಳು ಝಾಡಿಸಿ, ಆಮೇಲೆ ಕನ್ನಡಕ ಒರೆಸುವ ನುಣುಪು ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು.

"ಹಾ" ಪಂಥದವರು ಬಾಯಿ ಅಗಲಿಸಿ ಬಿಸಿಯುಸಿರು ಬಿಟ್ಟು ಅಂಗಿಗೆ ಒರೆಸುತ್ತಾರೆ. ಗಾಜು ಹೊಳೆಯುತ್ತದೆ, ನಿಜ. ಕೈಯ ಬ್ಯಾಕ್ಟೀರಿಯಾಗಳ ಜೊತೆ ಬಾಯಿಯವೂ ಸೇರಿ ಸಂಸಾರ ಹೂಡುತ್ತವೆ ಎಂಬುದೂ ನಿಜ.

ಸವಣೂರು ಎಲೆಗೆ ಹೆಸರಾದ ಊರು. ಆದ್ದರಿಂದ ಸುಣ್ಣ ಪಂಥ ಅಲ್ಲಿ ಪ್ರಬಲವಾಗಿರುವುದು ಸಹಜ. ಎಲೆಗೆ ಸುಣ್ಣ ಸವರಿದ ಬೆರಳಲ್ಲೇ ಫೋನ್ ಮುಟ್ಟುವ ಇವರು ವಾದಕ್ಕೆ ಗಟ್ಟಿಗರು: ಪ್ಲೇಗು ಕಾಲರಾ ಬಂದಾಗ ಗೋಡೆಗೆ ಬಳಿದದ್ದು ಸುಣ್ಣವೇ, 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ವೈದ್ಯರ ಕೈ ತೊಳೆಸಿ ಬಾಣಂತಿಯರ ಸಾವು ತಗ್ಗಿಸಿದ್ದೂ ಸುಣ್ಣದ ನೀರಿನಿಂದಲೇ. ಉತ್ತರ: ಸೆಮ್ಮೆಲ್‌ವೈಸ್ ಬಳಸಿದ್ದು ಕ್ಲೋರಿನ್ ಹಾಯಿಸಿದ ಸುಣ್ಣ, ಅಂದರೆ ಬ್ಲೀಚಿಂಗ್ ಪುಡಿಯ ಜಾತಿಯದು. ಎಲೆಯ ಸುಣ್ಣವಾದರೋ ಗಾಳಿಗೆ ಒಣಗಿ ಬರೀ ಸೀಮೆಸುಣ್ಣವಾಗಿ ಕೂಡುತ್ತದೆ. ಬ್ಲೀಚಿಂಗ್ ಪುಡಿಯನ್ನೇ ಫೋನಿಗೆ ಹಚ್ಚುತ್ತೇವೆ ಎನ್ನುವವರು ಮೊದಲು ಹೊಸ ಫೋನಿನ ದರ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಿಸಿಲು ಪಂಥದವರಿಗೆ ಆಸ್ಟ್ರೇಲಿಯದ ಆಧಾರವಿದೆ. 2020ರಲ್ಲಿ ಅಲ್ಲಿಯ ಸಿಎಸ್‌ಐಆರ್‌ಒ ಎಂಬ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕತ್ತಲಲ್ಲಿ, 20 ಡಿಗ್ರಿಯಲ್ಲಿ ಇಟ್ಟ ಗಾಜಿನ ಮೇಲೆ ಕೊರೊನಾ ವೈರಾಣು 28 ದಿನ ಉಳಿದದ್ದನ್ನು ಕಂಡರು. 40 ಡಿಗ್ರಿಯಲ್ಲಿ ಅದರ ಆಟ ಎರಡು ದಿನಕ್ಕಿಂತ ಮುಂದೆ ಹೋಗಲಿಲ್ಲ. "ಹಂಗಾರ ಚೈತ್ರದ ಬಿಸಲಿಗೆ ಮಾಳಗಿ ಮ್ಯಾಲೆ ಹಪ್ಪಳದ ಕೂಡ ಒಣಹಾಕ್ರಿ" ಎಂಬುದು ಇವರ ತೀರ್ಪು. ವೈರಾಣು ಸಾಯಬಹುದು, ಬ್ಯಾಟರಿಯೂ ಸಾಯುತ್ತದೆ. ಕ್ರಿಮಿ ಕೊಲ್ಲುವ ದೀಪಗಳಲ್ಲಿ ಇರುವ ಯುವಿ-ಸಿ ಕಿರಣ ಓಝೋನ್ ದಾಟಿ ನಮ್ಮ ಮಾಳಿಗೆಯವರೆಗೆ ಬರುವುದೇ ಇಲ್ಲ ಎಂಬುದನ್ನೂ ಅವರು ಗಮನಿಸಲಿ.

ಸ್ಯಾನಿಟೈಸರ್ ಪಂಥ ಹುಟ್ಟಿದ್ದು ಕೊರೊನಾ ಕಾಲದಲ್ಲಿ. ಮುಂಚೆ ಫೋನಿಗೆ ಆಲ್ಕೋಹಾಲ್ ತಾಗಿಸಬೇಡಿ ಎನ್ನುತ್ತಿದ್ದ ಆಪಲ್ ಕಂಪನಿ 2020ರ ಮಾರ್ಚಿನಲ್ಲಿ ಮಾತು ಬದಲಿಸಿ, 70 ಪ್ರತಿಶತ ಐಸೊಪ್ರೊಪಿಲ್ ಆಲ್ಕೋಹಾಲಿನ ಒರೆಸು ಆಗಬಹುದು ಎಂದಿತು. 70ಕ್ಕಿಂತ ನೂರು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಕ್ರಿಮಿಯ ಪ್ರೋಟೀನು ಕೆಡಬೇಕಾದರೆ ನೀರೂ ಬೇಕು. ಅಪ್ಪಟ ಆಲ್ಕೋಹಾಲು ಕೆಲಸ ಮುಗಿಯುವ ಮೊದಲೇ ಆರಿ ಹೋಗುತ್ತದೆ. ನೀರು ಬೆರೆಸಿದ್ದೇ ಗುಣಕ್ಕೆ ಮೇಲು ಎಂದು ಇಷ್ಟು ಖಚಿತವಾಗಿ ಹೇಳಬಹುದಾದ ಆಲ್ಕೋಹಾಲು ಇದೊಂದೇ ಇರಬೇಕು. ಫೋನ್ ಬಂದ್ ಮಾಡಿ, ಕವರು ಬಿಚ್ಚಿ, ದ್ರವವನ್ನು ಬಟ್ಟೆಗೆ ಹಾಕಿ ಒರೆಸಬೇಕು. ಫೋನಿನ ಮೇಲೆ ಸುರಿಯಬಾರದು. ದಿನಕ್ಕೆ ಹತ್ತು ಸಲ ತಿಕ್ಕಿದರೆ ಬೆರಳಚ್ಚು ಹತ್ತದಂತೆ ಗಾಜಿಗೆ ಕೊಟ್ಟ ತೆಳು ಲೇಪ ಸವೆದು, ಕೊಳೆ ಮೊದಲಿಗಿಂತ ಬೇಗ ಹಿಡಿಯುತ್ತದೆ.

ತಾರಕೇಶ್ವರ ಪ್ರಕರಣ

ಹಾನಗಲ್ಲಿನ ತಾರಕೇಶ್ವರ ಗುಡಿಯ ಭುವನೇಶ್ವರಿಯಲ್ಲಿ, ಅಂದರೆ ಒಳಛಾವಣಿಯಲ್ಲಿ, ಕೆಳಮುಖವಾಗಿ ಅರಳಿದ ದೊಡ್ಡ ಕಲ್ಲಿನ ಕಮಲವಿದೆ. ಕತ್ತೆತ್ತಿ ಫೋಟೊ ತೆಗೆದರೆ ಕತ್ತೂ ನೋಯುತ್ತದೆ, ಕಮಲವೂ ಸೊಟ್ಟಗೆ ಬರುತ್ತದೆ. ಹೀಗಾಗಿ ಜಾಣರು ಕಂಡುಕೊಂಡ ಉಪಾಯ, ಫೋನನ್ನು ನೆಲಕ್ಕೆ ಅಂಗಾತ ಮಲಗಿಸಿ ಸೆಲ್ಫಿ ಕ್ಯಾಮೆರಾದ ಟೈಮರು ಒತ್ತಿ ಸರಿದು ನಿಲ್ಲುವುದು. ಚಿತ್ರ ಸೊಗಸಾಗಿ ಬರುತ್ತದೆ. ಇಲ್ಲಿ ಶಾಸ್ತ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ. ಮೈಲಿಗೆಯೆಂದು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದವರೇ, ಊರ ಪಾದಗಳೆಲ್ಲ ತುಳಿದ ಹಾಸುಗಲ್ಲಿನ ಮೇಲೆ ಫೋನು ಮಲಗಿಸಿ, ಎತ್ತಿ, ಹಾಗೇ ಗಲ್ಲಕ್ಕೆ ಒತ್ತಿಕೊಂಡು "ಹಲೋ" ಎನ್ನುತ್ತಾರಲ್ಲ! ಮನೆಗೆ ಬಂದರೂ ಅಷ್ಟೇ. ಚಪ್ಪಲಿ ಹೊಸ್ತಿಲಾಚೆ, ಕಾಲಿಗೆ ನೀರು, ಬಾಯಿಗೆ ನೀರು. ಇಷ್ಟೆಲ್ಲ ಮಡಿಯ ನಡುವೆ ಫೋನು ಒಂದೇ ಕಾಲು ತೊಳೆಯದೆ ನೆಟ್ಟಗೆ ಅಡಿಗೆಮನೆಗೆ ನಡೆದು ರೊಟ್ಟಿಯ ಬುಟ್ಟಿಯ ಪಕ್ಕ ಕೂಡುತ್ತದೆ. ಕಕ್ಕಸಿಗೆ ಜೊತೆಯಲ್ಲಿ ಹೋಗಿ ಬಂದದ್ದೂ ಅದೇ.

ಸಿದ್ಧಾಂತ

ಪಂಥಗಳೆಲ್ಲ ಎಡವಿದ್ದು ಒಂದೇ ಕಡೆ: ಗಾಜನ್ನು ಅಪರಾಧಿಯೆಂದು ಭಾವಿಸಿದವು. ಗಾಜಿಗೆ ಸ್ವಂತ ಕೊಳೆ ಇಲ್ಲ. ಶಾಸನ ಕೆತ್ತಿದವನು ಬೆರಳು. ಬ್ರಿಟನ್ನಿನ ಆ ಜನ ಹೇಳಿಕೊಂಡಂತೆ ಕೈ ತೊಳೆದಿದ್ದರೆ ಅವರ ಫೋನಿನ ಮೇಲೆ ಇ. ಕೋಲಿ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಫೋನ್ ಒರೆಸಿ, ದಿನವಿಡೀ ಮಿರ್ಚಿಯ ಕೈಯಲ್ಲಿ ಹಿಡಿದರೆ ಏನೂ ದಕ್ಕದು. ತೊಳೆದ ಕೈಯಲ್ಲಿ ಕೊಳೆ ಫೋನ್ ಹಿಡಿದರೂ ಅಷ್ಟೇ, ತೊಳೆದದ್ದು ನೀರುಪಾಲು. ಆದ್ದರಿಂದ ಕ್ರಮ ಹೀಗೆ: ಕಕ್ಕಸಿಗೆ ಫೋನ್ ಒಯ್ಯಬಾರದು, ಉಣ್ಣುವಾಗ ಮುಟ್ಟಬಾರದು, ಮಿಕ್ಕದ್ದಕ್ಕೆಲ್ಲ ಮೊದಲು ಕೈ, ಆಮೇಲೆ ಗಾಜು.

ಕೊನೆಗೆ ನಾಲ್ಕೂ ತಾಲ್ಲೂಕಿನ ಖಾನಾವಳಿ, ಚಹಾದಂಗಡಿ, ಮಿರ್ಚಿ ಬಂಡಿಯ ಮಾಲೀಕರಲ್ಲಿ ಈ ಪ್ರಬಂಧದ ಏಕೈಕ ವಿನಂತಿ: ಕೈ ತೊಳೆಯುವ ಕಡೆ ಒಂದು ಸಾಬೂನು ಇಡಿ. ಕಳುವಾದೀತೆಂಬ ಭಯವಿದ್ದರೆ ನಲ್ಲಿಗೆ ದಾರದಿಂದ ಕಟ್ಟಿದರೂ ಅಡ್ಡಿಯಿಲ್ಲ.