ಯಾವ ಬೋರು?

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮೈಸೂರಿನ ಹೆಬ್ಬಾಳದಿಂದ ಭಾವಮೈದ ಫೋನು ಮಾಡಿದ. ಯೋಗಕ್ಷೇಮ, ಪೀಠಿಕೆ ಏನೂ ಇಲ್ಲ. "ಭಾವ, ಯಾವ ಬೋರು ಒಳ್ಳೇದು?" ಅಂದ.

ನೀರಿನ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು. "ಆರೂವರೆ ಇಂಚು. ಎರಡನೇ ಮಾತೇ ಇಲ್ಲ. ಕಾಸು ಉಳಿಸೋಕೆ ಹೋಗಿ ನಾಲ್ಕೂವರೆ ತೆಗೆಸಿದರೆ ಆಮೇಲೆ ಮೋಟಾರು ಇಳಿಸೋಕೆ ಪರದಾಡಬೇಕು" ಎಂದು ಅನುಭವದ ಮಾತು ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಉಸಿರೇ ಇಲ್ಲ. ಆಮೇಲೆ, "ಆರೂವರೆ ಇಂಚಾ? ಅದು ಫಿರಂಗಿ ಆಯ್ತು ಭಾವ. ನಾನು ಕೇಳಿದ್ದು ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ರಿವಾಲ್ವರು."

ಮೈಸೂರಿನಲ್ಲಿ ಬೋರು ಎಂದರೆ ಒಂದು ಕೊಳವೆಬಾವಿ, ಇನ್ನೊಂದು ಪಿಂಚಣಿದಾರರ ಮಧ್ಯಾಹ್ನ. ಬಂದೂಕಿನ ನಳಿಗೆಯ ಒಳಗಿನ ಅಗಲಕ್ಕೂ ಅದೇ ಹೆಸರು ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಮನೆತನದಲ್ಲಿ ಯಾರಾದರೂ ಆ ಅರ್ಥದಲ್ಲಿ ಬಳಸುತ್ತಾರೆಂದು ಅಂದುಕೊಂಡಿರಲಿಲ್ಲ. ಅದರಲ್ಲೂ ಈ ಭಾವಮೈದ. ಜಿರಳೆ ಕಂಡರೆ ಮಂಚ ಹತ್ತಿ ಹೆಂಡತಿಯನ್ನು ಕೂಗುವ ಮನುಷ್ಯ.

ಕಾರಣ ಚಿರತೆ. 2024ರ ಡಿಸೆಂಬರ್ 31ರಂದು ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡದ್ದು ಎಲ್ಲರಿಗೂ ನೆನಪಿರಬಹುದು. ಸಿಸಿ ಕ್ಯಾಮೆರಾದಲ್ಲಿ ಅದರ ಚಿತ್ರ ಬಂತು, ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದರು, ಅರಣ್ಯ ಇಲಾಖೆಯವರು ಬೋನು ಇಟ್ಟರು. ಊರಿನವರೆಲ್ಲ ಒಂದು ವಾರ ಮಾತಾಡಿ ಮರೆತರು. ಅಲ್ಲಿಗೆ ಕೂಗಳತೆಯಲ್ಲಿರುವ ಭಾವಮೈದ ಮಾತ್ರ ಮರೆಯಲಿಲ್ಲ. ರಾತ್ರಿ ಗೇಟು ಹಾಕಲು ಹೋಗುವಾಗೆಲ್ಲ ಅವನಿಗೆ ಕಾಂಪೌಂಡಿನ ಮೇಲೆ ಎರಡು ಕಣ್ಣು ಕಾಣಿಸುತ್ತಿದ್ದವು. ಅವು ಪಕ್ಕದ ಮನೆ ಬೆಕ್ಕಿನವು ಎಂದು ಅವನ ಹೆಂಡತಿ ಹೇಳಿದರೂ ಕೇಳಲಿಲ್ಲ.

ನನ್ನನ್ನೇ ಯಾಕೆ ಕೇಳಿದ ಎಂದರೆ, ನಮ್ಮ ಇಡೀ ಬಂಧುಬಳಗದಲ್ಲಿ ಬಂದೂಕು ಮುಟ್ಟಿದವನು ನಾನೊಬ್ಬನೇ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ. ಕ್ಯಾಂಪಿನಲ್ಲಿ ಪಾಯಿಂಟ್ 22 ರೈಫಲ್ ಕೊಟ್ಟು, ಹೊಟ್ಟೆಯ ಮೇಲೆ ಮಲಗಿಸಿ, ಐದು ಗುಂಡು ಹೊಡೆಸಿದರು. ಬಂದೂಕಿನ ಲೋಕದಲ್ಲಿ ಅದು ಹಸುಗೂಸು. ಒದೆತವೆಂಬುದು ಇಲ್ಲವೇ ಇಲ್ಲ ಎನ್ನಬಹುದು. ಆದರೂ ನಾನು ಐದು ಸಲವೂ ಕಣ್ಣು ಮುಚ್ಚಿದ್ದೆ. ಹವಾಲ್ದಾರರು ನನ್ನ ಗುರಿಯ ಕಾಗದವನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಎಸೀಬೇಡಿ, ಹೊಸದಾಗೇ ಇದೆ, ಮುಂದಿನ ಹುಡುಗನಿಗೆ ಆಗುತ್ತೆ" ಎಂದರು. ಸರ್ಕಾರದ ಕಾಗದ ಉಳಿಸಿದ ಈ ಸಂಗತಿಯನ್ನು ಬಿಟ್ಟು, ಉಳಿದ ಕತೆಯನ್ನಷ್ಟೇ ನಾನು ಮದುವೆ ಮನೆಗಳಲ್ಲಿ ಹೇಳಿಕೊಂಡು ಬಂದಿದ್ದೆ. ಅದರ ಫಲ ಈ ಫೋನು.

ಗೊತ್ತಿಲ್ಲ ಎಂದು ಹೇಳಿದರೆ ಭಾವನ ಗೌರವ ಉಳಿಯುತ್ತದೆಯೇ? "ನಾಳೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಬಾ" ಎಂದೆ. ಅಲ್ಲಿ ನಮ್ಮ ವಾಕಿಂಗ್ ಬಳಗದಲ್ಲಿ ಕೊಡಗಿನ ಸುಬೇದಾರ್ ಸಾಹೇಬರಿದ್ದಾರೆ. ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದಾರೆ. ನಡೆಯುವಾಗ ಈಗಲೂ ಎಡಗಾಲೇ ಮೊದಲು.

ಕೆರೆ ಏರಿಯ ಕಲ್ಲುಬೆಂಚಿನ ಮೇಲೆ ಮರುದಿನ ಸಭೆ ಸೇರಿತು. ಭಾವಮೈದ ರಾತ್ರಿಯೆಲ್ಲ ಮೊಬೈಲಿನಲ್ಲಿ ಓದಿ ತಯಾರಾಗಿ ಬಂದಿದ್ದ. "ಪಾಯಿಂಟ್ 45 ಹೊಡೆದರೆ ಎದುರಿಗಿದ್ದವನು ನಿಂತಲ್ಲೇ ಕೂರ್ತಾನಂತೆ. 9 ಎಂಎಂ ಆದರೆ ಗುಂಡು ಜಾಸ್ತಿ ಹಿಡಿಯುತ್ತಂತೆ. ಪಾಯಿಂಟ್ 40 ಎರಡರ ಮಧ್ಯದ್ದಂತೆ." ಒಂದೊಂದು ವಾಕ್ಯವೂ ಅಂತೆಯಲ್ಲಿ ಮುಗಿಯುತ್ತಿತ್ತು. ಬಳಗದವರು ಬಂದೂಕು ಕಂಡವರಲ್ಲದಿದ್ದರೂ ಒಬ್ಬೊಬ್ಬರೂ ಒಂದೊಂದು ಪಕ್ಷ ಹಿಡಿದರು. ನನಗೆ ಈ ಜಗಳ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು: ಇದು ಕಾಫಿಪುಡಿ ಅಂಗಡಿಯ ಮುಂದಿನ ಜಗಳ. ಪೀಬೆರಿಯೋ, ಪ್ಲಾಂಟೇಶನ್ ಎ-ಯೋ. ಚಿಕೋರಿ ನೂರಕ್ಕೆ ಇಪ್ಪತ್ತೋ, ಮೂವತ್ತೋ, ಇಲ್ಲವೇ ಇಲ್ಲವೋ. ನಮ್ಮ ತಂದೆ 80:20ರ ಕಟ್ಟಾಳು. ಚಿಕೋರಿ ಮುಟ್ಟದ ತಮ್ಮ ಷಡ್ಡಕರ ಮನೆಯಲ್ಲಿ ಮೂವತ್ತು ವರ್ಷ ಬರೀ ಹಾಲು ಕುಡಿದರು. ಗಾತ್ರದ ಗಲಾಟೆಯೂ ಅಂಥದೇ. ಒಬ್ಬನಿಗೆ ದಪ್ಪ ಗುಂಡು ಬೇಕು, ಇನ್ನೊಬ್ಬನಿಗೆ ವೇಗದ ಗುಂಡು ಬೇಕು, ಇಬ್ಬರೂ ಎದುರಾಳಿಯ ಲೋಟ ಮುಟ್ಟುವುದಿಲ್ಲ.

ಅಮೆರಿಕದವರಂತೂ ಈ ವಿಷಯದಲ್ಲಿ ನಮ್ಮ ತಂದೆಯನ್ನೂ ಮೀರಿಸಿದವರು. ಫಿಲಿಪೀನ್ಸ್ ಯುದ್ಧದಲ್ಲಿ ತಮ್ಮ 38 ರಿವಾಲ್ವರಿನ ಗುಂಡು ತಿಂದೂ ಮೋರೋ ಯೋಧರು ಕತ್ತಿ ಹಿಡಿದು ಓಡಿಬರುತ್ತಿದ್ದರು ಎಂದು ದೂರು ಬಂತು. 1904ರಲ್ಲಿ ಥಾಂಪ್ಸನ್ ಎಂಬ ಸೇನಾಧಿಕಾರಿ, ಲಗಾರ್ಡ್ ಎಂಬ ಸೇನಾ ವೈದ್ಯ, ಇಬ್ಬರೂ ಸೇರಿ ಷಿಕಾಗೋದ ಕಸಾಯಿಖಾನೆಯಲ್ಲಿ ದನಗಳ ಮೇಲೂ, ಬೇರೆ ಕಡೆ ಹೆಣಗಳ ಮೇಲೂ ಗುಂಡು ಹೊಡೆದು ಪರೀಕ್ಷೆ ಮಾಡಿ, 45ಕ್ಕಿಂತ ಕಮ್ಮಿ ಬೇಡ ಎಂದು ವರದಿ ಕೊಟ್ಟರು. 1911ರಲ್ಲಿ ಬಂದ 45 ಪಿಸ್ತೂಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಆಳಿತು. 1985ರಲ್ಲಿ ಸೇನೆ 9 ಎಂಎಂಗೆ ಬಂತು. ಮರುವರ್ಷವೇ ಮಯಾಮಿಯ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತರು, 9 ಎಂಎಂ ಮೇಲೆ ಆರೋಪ ಬಂತು. ಎಫ್‌ಬಿಐಯವರು 10 ಎಂಎಂ ತಂದರು, ಅದು ಕೈಗೆ ಜೋರಾಯಿತೆಂದು ಪಾಯಿಂಟ್ 40ಕ್ಕೆ ಇಳಿದರು, ಕಾಲು ಶತಮಾನ ಕಳೆದ ಮೇಲೆ ಮತ್ತೆ 9 ಎಂಎಂ ಎಂದರು. ಇಷ್ಟರಲ್ಲಿ ನಾವು ಫಿಲ್ಟರಿನಿಂದ ಇನ್‌ಸ್ಟೆಂಟಿಗೆ ಹೋಗಿ ಫಿಲ್ಟರಿಗೇ ವಾಪಸು ಬಂದಿದ್ದೆವು.

ಇನ್ನು ಈ ಅಂಕಿಗಳನ್ನು ನಂಬುವಂತೆಯೂ ಇಲ್ಲ. 38 ಸ್ಪೆಷಲ್ ಎಂಬ ಗುಂಡನ್ನು ಅಳೆದರೆ ಒಂದು ಇಂಚಿನ ಸಾವಿರದಲ್ಲಿ 357 ಪಾಲು ಮಾತ್ರ. 357 ಎಂದು ಹೆಸರಿರುವ ಇನ್ನೊಂದರ ಗುಂಡೂ ಅಷ್ಟೇ ದಪ್ಪ. ಇದನ್ನು ಕೇಳಿದಾಗ ಬಳಗದಲ್ಲಿ ಆಶ್ಚರ್ಯಪಟ್ಟವರು ಯಾರೂ ಇಲ್ಲ. ಮೂವತ್ತು-ನಲವತ್ತರ ಸೈಟೆಂದು ಕೊಂಡು, ಪಾಯ ತೆಗೆಯುವ ದಿನ ಟೇಪು ಹಿಡಿದು ತಲೆಯ ಮೇಲೆ ಕೈ ಹೊತ್ತವರೇ ಎಲ್ಲರೂ.

ಸುಬೇದಾರ್ ಸಾಹೇಬರು ಇಷ್ಟು ಹೊತ್ತೂ ಬೂಟಿನ ದಾರ ಕಟ್ಟುತ್ತಿದ್ದರು. ತಲೆಯೆತ್ತಿ, "ಆಯ್ತಾ? ಈಗ ನನ್ನ ಮಾತು ಕೇಳಿ. 9 ಎಂಎಂ, 38, 45 ಎಲ್ಲ ನಿಷೇಧಿತ ಬೋರು. ಅದು ಸೈನ್ಯಕ್ಕೆ, ಪೊಲೀಸಿಗೆ. ನಿಮ್ಮಂಥ ನಾಗರಿಕರಿಗೆ ಹೆಚ್ಚಾಗಿ ಸಿಗೋದು 32. ಇಷ್ಟ ಆದರೂ 32, ಆಗದಿದ್ದರೂ 32" ಎಂದರು.

ರಾತ್ರಿಯಿಡೀ ಮೆನು ಓದಿ ಬಂದ ಗಿರಾಕಿಗೆ ಮಾಣಿ "ಉಪ್ಪಿಟ್ಟು ಒಂದೇ ಇರೋದು ಸಾರ್" ಎಂದ ಹಾಗಾಯಿತು. ಭಾವಮೈದನ ಮುಖ ನೋಡಲಾಗಲಿಲ್ಲ. ಪಾಯಿಂಟ್ 32 ಎಂದರೆ ಸುಮಾರು 8 ಮಿಲಿಮೀಟರು, ಒಂದು ಒಣ ಕಡಲೆಕಾಳಿನಷ್ಟು ದಪ್ಪ. ಅವನನ್ನು ಸಮಾಧಾನಪಡಿಸಲು ನಾನು ಜೇಮ್ಸ್ ಬಾಂಡನನ್ನು ಕರೆತಂದೆ. ಬಾಂಡನ ಕೈಯಲ್ಲಿ ಮೊದಲು ಇದ್ದದ್ದು ಇನ್ನೂ ಸಣ್ಣ 25ರ ಬೆರೆಟ್ಟಾ. 1956ರಲ್ಲಿ ಬೂತ್‌ರಾಯ್ಡ್ ಎಂಬ ಓದುಗರೊಬ್ಬರು ಇಯಾನ್ ಫ್ಲೆಮಿಂಗ್‌ಗೆ ಕಾಗದ ಬರೆದು, ಅದು ಹೆಂಗಸರ ಪಿಸ್ತೂಲು, ನಿಮ್ಮ ನಾಯಕನಿಗೆ ಶೋಭೆಯಲ್ಲ ಎಂದರಂತೆ. ಫ್ಲೆಮಿಂಗ್ ಬೇಜಾರು ಮಾಡಿಕೊಳ್ಳದೆ 1958ರ 'ಡಾಕ್ಟರ್ ನೋ' ಕಾದಂಬರಿಯಲ್ಲಿ ಬಾಂಡನಿಗೆ ವಾಲ್ಥರ್ ಪಿಪಿಕೆ ಕೊಡಿಸಿ, ಕೊಡಿಸುವ ಪಾತ್ರಕ್ಕೆ ಬೂತ್‌ರಾಯ್ಡ್ ಎಂದೇ ಹೆಸರಿಟ್ಟ. ಆ ವಾಲ್ಥರು 7.65 ಎಂಎಂ. ಅಂದರೆ 32 ಬೋರು! "ಬಾಂಡನಿಗೆ ಸಾಕಾದದ್ದು ನಿನಗೆ ಸಾಲದೇನಯ್ಯ?"

"ಬಾಂಡ್ ಇಂಗ್ಲಿಷಿನೋನು. ನಮ್ಮ ಅಣ್ಣಾವ್ರದ್ದು ಯಾವ ಬೋರು?" ಎಂದ ಭಾವಮೈದ.

ಬೆಂಚಿಗೆ ಬೆಂಚೇ ಮೌನವಾಯಿತು. 1968ರ 'ಜೇಡರ ಬಲೆ' ನೋಡಿದ್ದೇನೆ, 'ಗೋವಾದಲ್ಲಿ ಸಿಐಡಿ 999' ನೋಡಿದ್ದೇನೆ, ದೊರೆ-ಭಗವಾನ್ ಹೆಸರು ಪರದೆಯ ಮೇಲೆ ಬಂದಾಗ ಶಿಳ್ಳೆ ಹೊಡೆದಿದ್ದೇನೆ. ರಾಜ್‌ಕುಮಾರ್ ಕೈಯಲ್ಲಿದ್ದ ಪಿಸ್ತೂಲಿನ ಕಡೆ ಮಾತ್ರ ಒಂದು ಸಲವೂ ಗಮನ ಹೋಗಿರಲಿಲ್ಲ. ಆ ಕೋಟು, ಆ ಹ್ಯಾಟು, ಆ ಮೂಗು ಇರುವಾಗ ಪಿಸ್ತೂಲು ನೋಡುವವರು ಯಾರು?

32ರಲ್ಲೂ ಆಯ್ಕೆಯೇ ಇಲ್ಲವೆಂದಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ 'ನಿರ್ಭೀಕ್' ಎಂಬ ರಿವಾಲ್ವರನ್ನು ಮಹಿಳೆಯರಿಗೆಂದೇ ಹೊರತಂದಿತು. ಟೈಟಾನಿಯಂ ಮಿಶ್ರಲೋಹ, ತೂಕ ಅರ್ಧ ಕೆಜಿ, ಆಗಿನ ಬೆಲೆ 1.22 ಲಕ್ಷ ರೂಪಾಯಿ. ಒಡವೆ ಪೆಟ್ಟಿಗೆಯಂಥ ಕಡುಗೆಂಪು ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ಸಂಜೆ ಇದನ್ನು ಮನೆಯಲ್ಲಿ ಹೇಳಿದೆ. "ಒಂದೂಕಾಲು ಲಕ್ಷ ಕೊಟ್ಟು ಪೆಟ್ಟಿಗೆ ತಂದು, ಮುಚ್ಚಳ ತೆಗೆದರೆ ಒಳಗೆ ರಿವಾಲ್ವರ್ ಇದ್ದರೆ, ಆಗ ಪ್ರಾಣಭಯ ಯಾರಿಗೆ ಇರುತ್ತೆ ಯೋಚನೆ ಮಾಡಿ" ಎಂದಳು ನನ್ನಾಕೆ, ಈಳಿಗೆಮಣೆಯ ಮೇಲೆ ಕುಂಬಳಕಾಯಿ ಸೀಳುತ್ತ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುವ ಸ್ಕೂಟರು, ಮಿಕ್ಸಿ, ಅಡಕತ್ತರಿಗಳ ಸಾಲಿನಲ್ಲಿ ನಿಜವಾದ ಆಯುಧ ಆ ಈಳಿಗೆಮಣೆ ಒಂದೇ.

ಇನ್ನು ಗುಂಡಿನ ಸದ್ದಿನ ವಿಷಯದಲ್ಲಿ ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಜಂಬೂಸವಾರಿಯ ದಿನ ಅರಮನೆಯ ಬಳಿ 21 ಕುಶಾಲತೋಪು ಹಾರಿಸುತ್ತಾರಲ್ಲ, ಅದಕ್ಕೆ ಬೆದರದಿರಲೆಂದು ಆನೆ ಕುದುರೆಗಳಿಗೆ ಮೊದಲೇ ಫಿರಂಗಿ ತಾಲೀಮು ಕೊಡುತ್ತಾರೆ. ಕಾಡಿನಿಂದ ಬಂದ ಆನೆ ಕೆಲವೇ ತಾಲೀಮಿಗೆ ಒಗ್ಗಿಕೊಳ್ಳುತ್ತದೆ. ನಾನು ಈ ಊರಿನಲ್ಲೇ ಹುಟ್ಟಿ ಅರವತ್ತು ದಸರಾ ಕಂಡವನು, ಈಗಲೂ ಇಪ್ಪತ್ತೊಂದು ಸಲ ಬೆಚ್ಚುತ್ತೇನೆ.

ಕೊಡಗಿನ ಮಾತು ಬೇರೆ. ಅಲ್ಲಿ ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು, ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಹೂವು ಮುಡಿಸಿ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ. 1861ರಿಂದ ನಡೆದುಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ವಿಸ್ತರಿಸಿತು. ಪ್ರಶ್ನೆ ಬಂದಾಗ 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. "ನಿಮ್ಮಲ್ಲಿ ಯಾವ ಬೋರು ಮೇಲು ಅಂತ ಜಗಳ ಆಗಲ್ವಾ ಸಾಹೇಬರೇ?" ಎಂದು ಬೆಂಚಿನ ಮೇಲೆ ಕೂತಾಗಲೇ ಕೇಳಿದ್ದೆ. "ಅಜ್ಜ ಬಿಟ್ಟುಹೋದ ಕೋವಿ ಇದೆ ಮೇಷ್ಟ್ರೇ. ಅಜ್ಜನ್ನ ಯಾರಾದರೂ ಬೋರು ನೋಡಿ ಆರಿಸ್ತಾರಾ?" ಎಂದರು.

ಆಗಲೂ ಭಾವಮೈದ ಪಟ್ಟು ಬಿಟ್ಟಿರಲಿಲ್ಲ. ಸಾಹೇಬರು ಲೈಸೆನ್ಸಿನ ದಾರಿ ವಿವರಿಸಿದರು. ನಗರದಲ್ಲಿ ಪೊಲೀಸ್ ಕಮಿಷನರಿಗೆ ಅರ್ಜಿ. ಯಾಕೆ ಬೇಕು ಎಂಬುದಕ್ಕೆ ಕಾರಣ. ಬಂದೂಕು ಬಳಸಲು ಕಲಿತ ಸರ್ಟಿಫಿಕೇಟು. ದೇಹ, ಮನಸ್ಸು ಎರಡೂ ಸರಿಯಿದೆ ಎಂದು ವೈದ್ಯರ ಸರ್ಟಿಫಿಕೇಟು. ಮನೆಯಲ್ಲಿ ಭದ್ರವಾಗಿಡಲು ಜಾಗ. ಮದುವೆಯಲ್ಲಿ ಖುಷಿಗೆಂದು ಅಜಾಗರೂಕತೆಯಿಂದ ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಒಪ್ಪಿಸಿ ಬರುವುದು. ಪಾಂಡವರು ಅಜ್ಞಾತವಾಸಕ್ಕೆ ಮೊದಲು ಬನ್ನಿಮರದಲ್ಲಿ ಆಯುಧ ಕಟ್ಟಿಟ್ಟದ್ದು ಒಂದೇ ಸಲ. ಇಲ್ಲಿ ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗೆ ಅಜ್ಞಾತವಾಸ ಬರುತ್ತಲೇ ಇರುತ್ತದೆ, ಮತ್ತು ಪಾಂಡವರಿಗೆ ರಸೀದಿ ಜೋಪಾನ ಮಾಡುವ ಕಷ್ಟವಿರಲಿಲ್ಲ.

"ಇಷ್ಟೆಲ್ಲ ಮಾಡಿ ತಂದೆ ಅಂತಿಟ್ಕೊಳ್ಳಿ. 32ರಲ್ಲಿ ಚಿರತೆಗೆ ಹೊಡೆದರೆ ಏನಾಗುತ್ತೆ?" ಎಂದು ಭಾವಮೈದ ಕೇಳಿದ.

"ಅದಕ್ಕೆ ಕೋಪ ಬರುತ್ತೆ" ಎಂದರು ಸಾಹೇಬರು.

ಬಳಗದ ವಕೀಲರು ಬಾಯಿ ಹಾಕಿದರು. ಚಿರತೆ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪರಿಚ್ಛೇದದ ಪ್ರಾಣಿ. ಬೇಟೆ ಎಂದು ಸಾಬೀತಾದರೆ ಮೂರರಿಂದ ಏಳು ವರ್ಷ. ಪ್ರಾಣರಕ್ಷಣೆಗೆ ಹೊಡೆದೆ ಎನ್ನಬಹುದು, ಆದರೆ ಸಾಕ್ಷಿ ನುಡಿಯಲು ಅಲ್ಲಿ ಇದ್ದವರು ನೀವು ಮತ್ತು ಚಿರತೆ ಇಬ್ಬರೇ. ಭಾವಮೈದ ಮೊಬೈಲನ್ನು ಜೇಬಿಗಿಟ್ಟುಕೊಂಡ. ಅರ್ಜಿಯ ಮಾತು ಅಲ್ಲಿಗೆ ನಿಂತಿದೆ. ವೈದ್ಯರ ಸರ್ಟಿಫಿಕೇಟಿಗೆ ಹೋಗಲು ಅವನ ಹೆಂಡತಿ ಬಿಡುತ್ತಿಲ್ಲವಂತೆ. ದೇಹದ್ದಕ್ಕೆ ಹೋಗಿ, ಮನಸ್ಸಿನದ್ದು ಕೆಣಕೋದು ಬೇಡ ಎನ್ನುತ್ತಾಳಂತೆ.

ಆದರೆ ಆ ಬೆಳಿಗ್ಗೆ ನನಗೊಂದು ಲಾಭವಾಯಿತು. ಕೆರೆಗೆ ಬರುವ ದಾರಿಯಲ್ಲಿ ನಾಲ್ಕು ಬೀದಿನಾಯಿಗಳಿವೆ. ಅವುಗಳಿಗಾಗಿ ನಾನು ಎರಡು ವರ್ಷದಿಂದ ಕೊಡೆ ಒಯ್ಯುತ್ತಿದ್ದೆ, ಬೇಸಿಗೆಯಲ್ಲೂ. ಸಾಹೇಬರೂ ಅದೇ ದಾರಿಯಲ್ಲಿ ಬರುತ್ತಾರೆ, ಬರಿಗೈಯಲ್ಲಿ. ಗುಟ್ಟೇನು ಎಂದು ಕೇಳಿದಾಗ ಆಚೆ ಈಚೆ ನೋಡಿ, ಪ್ಯಾಂಟಿನ ಬಲಜೇಬಿನಿಂದ ಅರ್ಧ ಖಾಲಿಯಾದ ಬಿಸ್ಕತ್ತಿನ ಪೊಟ್ಟಣ ತೆಗೆದು ತೋರಿಸಿದರು. ಪಾರ್ಲೆ-ಜಿ.

ಈಗ ನಾನೂ ಒಯ್ಯುತ್ತೇನೆ, ಆದರೆ ಮಾರಿ. ದುಂಡಗಿರುವುದರಿಂದ ಎಸೆದರೆ ನೆಟ್ಟಗೆ ಹೋಗುತ್ತದೆ, ಸಕ್ಕರೆಯೂ ಕಮ್ಮಿ. ಸಾಹೇಬರು ಒಪ್ಪುವುದಿಲ್ಲ. ಮಾರಿ ತೆಳು, ಗಾಳಿಗೆ ಓಲುತ್ತೆ, ನಾಯಿ ಒಂದು ಕ್ಷಣ ಯೋಚನೆ ಮಾಡುತ್ತೆ, ಆ ಒಂದು ಕ್ಷಣವೇ ಅಪಾಯ ಎನ್ನುತ್ತಾರೆ. ಪಾರ್ಲೆ-ಜಿಗೆ ತೂಕ ಇದೆ, ಬಿದ್ದಲ್ಲೇ ನಿಲ್ಲಿಸುತ್ತೆ. ವಕೀಲರು ಹೋದ ವಾರದಿಂದ ಬೆಣ್ಣೆ ಬಿಸ್ಕತ್ತು ತರುತ್ತಿದ್ದಾರೆ. ಅದಕ್ಕೆ ನಾಯಿಗಳು ಕೆರೆಯ ಗೇಟಿನವರೆಗೂ ಹಿಂಬಾಲಿಸುತ್ತವೆ. ಅಷ್ಟು ಜೋರಿನದು ಬೀದಿಯಲ್ಲಿ ಬಳಸಬಾರದು, ನಿಷೇಧಿಸಬೇಕು ಎಂದು ನಾವಿಬ್ಬರೂ ಹೇಳುತ್ತಿದ್ದೇವೆ.